ಹೆಡ್‌ಲೈಟ್ ಮಿಣುಕುತ್ತಿದೆಯೇ? ಭಾಗ ಬದಲಿಸುವ ಮುನ್ನ ದೋಷ ಹುಡುಕುವ ಕ್ರಮ

ಕಾರಿನ ಹೆಡ್‌ಲೈಟ್ ಮಿಣುಕಲು ಶುರುವಾದರೆ ಹೆಚ್ಚಿನವರು ಮೊದಲು ಹೊಸ ಬಲ್ಬ್ ತರುತ್ತಾರೆ. ಸರಿಹೋಗದಿದ್ದರೆ ಬ್ಯಾಟರಿ ಬದಲಿಸುತ್ತಾರೆ, ಅದಕ್ಕೂ ಜಗ್ಗದಿದ್ದರೆ ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್. ಮೂರೂ ಹೊಸದಾದ ಮೇಲೂ ದೀಪ ತನ್ನ ಪಾಡಿಗೆ ಮಿಣುಕುತ್ತಲೇ ಇರುತ್ತದೆ. ಕೊನೆಗೆ ನೋಡಿದರೆ ಕಾರಿನ ಲೋಹದ ಬಾಡಿಗೆ ಬಿಗಿದ ತುಕ್ಕು ಹಿಡಿದ ಒಂದು ಬೋಲ್ಟಿನಲ್ಲೋ, ಬಲ್ಬಿಗೆ ವೈರ್ ಜೋಡಿಸುವ, ಕರಗಿಹೋದ ಒಂದು ಕಪ್ಲರ್‌ನಲ್ಲೋ ತೊಂದರೆ ಅಡಗಿ ಕೂತಿರುತ್ತದೆ.

ಈ ಕೆಲಸದಲ್ಲಿ ಊಹೆ ದುಬಾರಿ, ಗಮನ ಅಗ್ಗ. ಎಲ್ಲ ಮಿಣುಕೂ ಒಂದೇ ಬಗೆಯದಲ್ಲ. ದೀಪ ಯಾವಾಗ ಮಿಣುಕುತ್ತದೆ, ಹೇಗೆ ಮಿಣುಕುತ್ತದೆ, ಒಂದು ಕಡೆಯೋ ಎರಡೂ ಕಡೆಯೋ ಎಂಬುದರಲ್ಲೇ ದೋಷದ ಅರ್ಧ ವಿಳಾಸ ಸಿಗುತ್ತದೆ. ಉಳಿದರ್ಧಕ್ಕೆ ಒಂದು ಮಲ್ಟಿಮೀಟರ್ ಸಾಕು.

ಕೈ ಹಾಕುವ ಮುನ್ನ

ಬೇಕಾಗುವುದು ಇಷ್ಟೇ: ಡಿಜಿಟಲ್ ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಬ್ಯಾಟರಿಗೆ ಕೇಬಲ್ ಬಿಗಿಯುವ ಕ್ಲ್ಯಾಂಪಿಗೆ ಹೊಂದುವ ಸ್ಪ್ಯಾನರ್, ತಂತಿ ಬ್ರಷ್, ನುಣುಪು ಸ್ಯಾಂಡ್‌ಪೇಪರ್, ಎರಡೂ ತುದಿಗೆ ಕ್ಲಿಪ್ ಇರುವ ಒಂದು ಉದ್ದನೆಯ ವೈರ್. ಕಾರಿನ ಜೊತೆ ಬಂದ ಕೈಪಿಡಿ ಪಕ್ಕದಲ್ಲಿರಲಿ. ಫ್ಯೂಸ್ ಎಲ್ಲಿದೆ, ರಿಲೇ (ಸ್ವಿಚ್ಚಿನ ಆಜ್ಞೆಯಂತೆ ದೀಪದ ವಿದ್ಯುತ್ತನ್ನು ಕೂಡಿಸಿ ಬಿಡಿಸುವ ಪುಟ್ಟ ಪೆಟ್ಟಿಗೆ) ಯಾವುದು ಎಂಬುದನ್ನು ಅದರಲ್ಲೇ ನೋಡಬೇಕು.

ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಇದು ಬರಿಯ ಶಾಸ್ತ್ರವಲ್ಲ. ನೆಗೆಟಿವ್ ಜೋಡಿಸಿರುವಾಗಲೇ ಪಾಸಿಟಿವ್ ಸಡಿಲಿಸಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ನೇರ ಶಾರ್ಟ್ ಆಗುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಹೊಮ್ಮುತ್ತಿರುವುದರಿಂದ ಅಲ್ಲಿ ಕಿಡಿ ಹಾರಬಾರದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಇವತ್ತಿನ ಕಾರುಗಳಲ್ಲಿ ಯಾರಾದರೂ ಮಾಡಲು ಬಂದರೆ ತಡೆಯಿರಿ. ಆ ಕ್ಷಣದಲ್ಲಿ ಏರುವ ವೋಲ್ಟೇಜ್ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳನ್ನು ಸುಟ್ಟುಬಿಡಬಲ್ಲದು.

ಹಂತ 1: ಮೊದಲು ನೋಡಿ, ಆಮೇಲೆ ಮುಟ್ಟಿ

ಕತ್ತಲಾದ ಮೇಲೆ ಕಾರನ್ನು ಒಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹೆಡ್‌ಲೈಟ್ ಹಾಕಿ. ಗೋಡೆಯ ಮೇಲೆ ಎಡ ಬಲ ಎರಡೂ ಬೆಳಕು ಬೇರೆ ಬೇರೆಯಾಗಿ ಕಾಣುತ್ತವೆ. ಈಗ ಒಂದೊಂದೇ ಪ್ರಶ್ನೆ ಕೇಳಿಕೊಳ್ಳಿ.

ಒಂದೇ ದೀಪ ಮಿಣುಕುತ್ತಿದೆಯೇ? ಹಾಗಿದ್ದರೆ ಬ್ಯಾಟರಿಯ ಮೇಲೂ ಆಲ್ಟರ್ನೇಟರ್ ಮೇಲೂ ಸಂಶಯ ಬೇಡ. ಅವು ಎರಡೂ ದೀಪಗಳಿಗೆ ಸಮಾನವಾಗಿ ವಿದ್ಯುತ್ ಕೊಡುತ್ತವೆ. ದೋಷ ಆ ಬದಿಯ ಬಲ್ಬ್, ಕಪ್ಲರ್, ಅರ್ಥಿಂಗ್ (ವಿದ್ಯುತ್ ಬ್ಯಾಟರಿಗೆ ಮರಳುವ ದಾರಿ) ಅಥವಾ ಫ್ಯೂಸ್‌ನಲ್ಲಿದೆ. ನೇರವಾಗಿ 4ನೇ ಹಂತಕ್ಕೆ ಹೋಗಿ.

ಎರಡೂ ಮಿಣುಕುತ್ತಿದ್ದರೆ ಕಾರಿನ ಒಳಗಿನ ದೀಪವನ್ನೂ ಡ್ಯಾಶ್‌ಬೋರ್ಡಿನ ಬೆಳಕನ್ನೂ ಗಮನಿಸಿ. ಅವೂ ಜೊತೆಗೇ ಮಂಕಾಗಿ ಹೊಳೆಯುತ್ತಿದ್ದರೆ ಇಡೀ ಕಾರಿನ ವಿದ್ಯುತ್ ಪೂರೈಕೆಯೇ ಏರಿಳಿಯುತ್ತಿದೆ ಎಂದರ್ಥ. ಅವು ಸ್ಥಿರವಾಗಿದ್ದು ಹೆಡ್‌ಲೈಟ್ ಮಾತ್ರ ಮಿಣುಕಿದರೆ ರಿಲೇ ಅಥವಾ ಸ್ವಿಚ್ ಕಡೆ ತಿರುಗಬೇಕು.

ಮಿಣುಕಿನ ಲಯವೂ ಮಾತಾಡುತ್ತದೆ. ಐಡ್ಲಿಂಗ್‌ನಲ್ಲಿ ಮಂಕಾಗಿ, ಆಕ್ಸಿಲರೇಟರ್ ಒತ್ತಿದಾಗ ಬೆಳಗಿದರೆ ಚಾರ್ಜಿಂಗ್ ದುರ್ಬಲವಾಗಿದೆ. ಸಣ್ಣಗೆ ನಡುಗಿದಂತಿದ್ದು, ಎಂಜಿನ್ ವೇಗ ಏರಿದಂತೆ ನಡುಕವೂ ಚುರುಕಾದರೆ ಆಲ್ಟರ್ನೇಟರ್ ಒಳಗಿನ ಡಯೋಡ್ ಮೇಲೆ ಕಣ್ಣಿಡಿ. ಗುಂಡಿಗೆ ಬಿದ್ದಾಗ ಮಾತ್ರ ಕಣ್ಣು ಮಿಟುಕಿಸಿದಂತಾದರೆ ಏನೋ ಸಡಿಲವಿದೆ. ಪೂರ್ತಿ ಆರಿ, ಸ್ವಲ್ಪ ಹೊತ್ತಿನ ಬಳಿಕ ತಾನಾಗಿಯೇ ಹೊತ್ತಿ, ಮತ್ತೆ ಆರುತ್ತಿದ್ದರೆ ಕಾವಿನಿಂದ ಸಂಪರ್ಕ ಬಿಟ್ಟುಹೋಗುವ ಸ್ವಿಚ್ ಅಥವಾ ರಿಲೇ ಕಾರಣವಿರಬಹುದು. ಕೆಲವು ಹಳೆಯ ಕಾರುಗಳ ಹೆಡ್‌ಲೈಟ್ ಸ್ವಿಚ್ಚಿನೊಳಗೆ ಫ್ಯೂಸ್ ಬದಲಿಗೆ ತಾನೇ ಮತ್ತೆ ಕೂಡಿಕೊಳ್ಳುವ ಸರ್ಕಿಟ್ ಬ್ರೇಕರ್ ಇರುತ್ತಿತ್ತು. ಹೆಚ್ಚು ವ್ಯಾಟ್‌ನ ಬಲ್ಬ್ ಹಾಕಿದರೆ ಅದು ಹೀಗೆಯೇ ಆಡುತ್ತದೆ.

ದೋಷವಲ್ಲದ ಮಿಣುಕುಗಳೂ ಇವೆ. ಎಸಿ ಕಂಪ್ರೆಸರ್ ಶುರುವಾದಾಗ ಅಥವಾ ಪವರ್ ವಿಂಡೋ ಒತ್ತಿದಾಗ ಬೆಳಕು ಒಂದು ಕ್ಷಣ ಕುಗ್ಗಿ ಚೇತರಿಸಿಕೊಳ್ಳುವುದು ಸಹಜ. ಆಟೋ ಸ್ಥಾನದಲ್ಲಿಟ್ಟ ದೀಪ ಮುಸ್ಸಂಜೆಯಲ್ಲಿ ಮರಗಳ ನೆರಳು ದಾಟುವಾಗ ಹೊತ್ತಿ ಆರಿದರೆ ಅದು ಸೆನ್ಸರ್ ತನ್ನ ಕೆಲಸ ಮಾಡಿದ್ದು. ಇನ್ನು ಎಲ್‌ಇಡಿ ದೀಪವನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿ ಗಾಬರಿಯಾಗುವವರು ಬಹಳ. ಅನೇಕ ಎಲ್‌ಇಡಿಗಳಿಗೆ ವಿದ್ಯುತ್ ಹೋಗುವುದೇ ಕಣ್ಣಿಗೆ ಕಾಣದಷ್ಟು ವೇಗದ ಮಿಡಿತಗಳಲ್ಲಿ. ಆ ವೇಗಕ್ಕೂ ಕ್ಯಾಮೆರಾದ ಚಿತ್ರಗ್ರಹಣದ ವೇಗಕ್ಕೂ ತಾಳೆಯಾಗದೆ ಪರದೆಯಲ್ಲಿ ಮಿಣುಕು ಕಾಣುತ್ತದೆ. ಬರಿಗಣ್ಣಿಗೆ ಕಾಣದಿದ್ದರೆ ಅದನ್ನು ಬಿಟ್ಟುಬಿಡಿ.

ಹಂತ 2: ಬ್ಯಾಟರಿಯ ಎರಡು ತುದಿ

ಎರಡೂ ದೀಪ ಮಿಣುಕುವಾಗ ಮೊದಲ ತಪಾಸಣೆ ಇಲ್ಲಿ. ಎಂಜಿನ್ ಆರಿಸಿ, ಕ್ಲ್ಯಾಂಪನ್ನು ಕೈಯಿಂದ ತಿರುಗಿಸಲು ನೋಡಿ. ಕೂದಲೆಳೆಯಷ್ಟು ಅಲುಗಿದರೂ ಅದು ಸಡಿಲವೇ. ಬಿಳಿ ಅಥವಾ ನೀಲಿ ಹಸಿರು ಪುಡಿ ಕಟ್ಟಿದ್ದರೆ ಕ್ಲ್ಯಾಂಪ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬೆಚ್ಚನೆಯ ನೀರಿನಿಂದ ತೊಳೆದು, ಪೋಸ್ಟನ್ನೂ (ಬ್ಯಾಟರಿಯ ಮೇಲಿನ ಲೋಹದ ಗೂಟ) ಕ್ಲ್ಯಾಂಪಿನ ಒಳಮೈಯನ್ನೂ ಲೋಹ ಹೊಳೆಯುವವರೆಗೆ ಉಜ್ಜಿ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ.

ಹೊರಗಿನಿಂದ ಚೊಕ್ಕಟವಾಗಿ ಕಂಡ ಕ್ಲ್ಯಾಂಪಿನ ಒಳಮೈಯಲ್ಲೂ ಕಪ್ಪು ಪದರ ಕೂತಿರುತ್ತದೆ. ಅದನ್ನು ಹಿಡಿಯುವ ಉಪಾಯ ಸುಲಭ: ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಮೊನೆಯನ್ನು ಪೋಸ್ಟಿನ ನಡುವಿಗೂ ಇನ್ನೊಂದನ್ನು ಅದೇ ಪೋಸ್ಟ್ ಹಿಡಿದ ಕ್ಲ್ಯಾಂಪಿಗೂ ಒತ್ತಿ. ಎರಡೂ ಒಂದೇ ಲೋಹದಂತೆ ಕೂಡಿದ್ದರೆ ಸೊನ್ನೆಯ ಆಸುಪಾಸು ತೋರಿಸುತ್ತದೆ. ಅಲ್ಲೇ 0.2, 0.3 ವೋಲ್ಟ್ ಕಂಡರೆ ಕಳ್ಳ ಸಿಕ್ಕಿದ.

ಬ್ಯಾಟರಿಯ ನೆಗೆಟಿವ್ ಕೇಬಲ್ ಬಾಡಿಗೂ ಎಂಜಿನ್ನಿಗೂ ಸೇರುವ ಜಾಗವನ್ನೂ ಹಿಂಬಾಲಿಸಿ ನೋಡಿ. ಎಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿ ಎಳೆ ಎಳೆಯಾಗಿ ಹರಿದಿರುವುದು ವಯಸ್ಸಾದ ಕಾರುಗಳಲ್ಲಿ ಅಪರೂಪವೇನಲ್ಲ.

ಹಂತ 3: ಚಾರ್ಜಿಂಗ್ ಅಳೆಯುವುದು

ಕಾರು ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯ ವೋಲ್ಟೇಜ್ ನೋಡಿ. ಸುಮಾರು 12.6 ಇದ್ದರೆ ಪೂರ್ತಿ ತುಂಬಿದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗೆ ಬರಿದಾಗಿದೆ. ಈಗ ಎಂಜಿನ್ ಶುರು ಮಾಡಿ. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಬ್ಲೋವರ್, ಹಿಂಬದಿ ಗಾಜಿನ ಹೀಟರ್ ಎಲ್ಲವನ್ನೂ ಹಾಕಿದಾಗಲೂ 13ಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತರೆ ಆಲ್ಟರ್ನೇಟರ್ ಸೋಲುತ್ತಿದೆ. 15 ದಾಟಿದರೆ ವೋಲ್ಟೇಜ್ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬುಗಳು ಮೇಲಿಂದ ಮೇಲೆ ಸುಡುವುದಕ್ಕೂ ಇದೇ ಕಾರಣ. ಹೊಸ ಕಾರುಗಳಲ್ಲಿ ಇಂಧನ ಉಳಿಸಲೆಂದು ಕಂಪ್ಯೂಟರೇ ಚಾರ್ಜಿಂಗನ್ನು ಏರಿಸಿ ಇಳಿಸುತ್ತದೆ. ಅಂಥ ಕಾರಿನಲ್ಲಿ ಒಂದು ಓದಿಗೆ ತೀರ್ಪು ಕೊಡಬೇಡಿ, ಹೆಡ್‌ಲೈಟ್ ಹಾಕಿಕೊಂಡು ಸ್ವಲ್ಪ ಹೊತ್ತು ಅಳೆಯಿರಿ.

ಆಲ್ಟರ್ನೇಟರ್ ದೂರುವ ಮೊದಲು ಅದರ ಬೆಲ್ಟ್ ನೋಡಿ. ಬಿರುಕು, ಹೊಳಪು ಬಂದ ಒಳಮೈ, ದೀಪ ಹಾಕಿದೊಡನೆ ಕೀರಲು ಸದ್ದು: ಮೂರರಲ್ಲಿ ಯಾವುದಿದ್ದರೂ ಬೆಲ್ಟ್ ಜಾರುತ್ತಿರಬಹುದು. ಮುಟ್ಟಿ ನೋಡುವುದು ಎಂಜಿನ್ ಆರಿಸಿದ ಮೇಲೆ.

ಡಯೋಡ್ ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಲ್ಟರ್ನೇಟರ್ ಹುಟ್ಟಿಸುವುದು ಎಸಿ ವಿದ್ಯುತ್. ಅದನ್ನು ಡಿಸಿ ಮಾಡುವುದು ಒಳಗಿನ ಡಯೋಡ್‌ಗಳು. ಒಂದು ಕೆಟ್ಟರೂ ಅಲೆಯಲೆಯಾದ ವಿದ್ಯುತ್ ಹೊರಬರುತ್ತದೆ, ಆದರೆ ಡಿಸಿ ಓದು ಸರಿಯಾಗಿದ್ದಂತೆಯೇ ಕಾಣಬಹುದು. ಎಂಜಿನ್ ಓಡುವಾಗ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲಿಡಿ. 0.1 ವೋಲ್ಟಿನ ಸುತ್ತ ಇದ್ದರೆ ಚಿಂತೆಯಿಲ್ಲ, 0.5 ದಾಟಿದರೆ ಡಯೋಡ್ ಹೋಗಿದೆ ಎನ್ನಬಹುದು. ಅದಕ್ಕೂ ಮುನ್ನ ಎಂಜಿನ್ ಆರಿಸಿಟ್ಟು ಅದೇ ಸ್ಥಾನದಲ್ಲಿ ಒಮ್ಮೆ ಅಳೆಯಿರಿ, ಸೊನ್ನೆ ಬರಬೇಕು. ಕೆಲವು ಅಗ್ಗದ ಮೀಟರುಗಳು ಎಸಿ ಸ್ಥಾನದಲ್ಲಿ ಡಿಸಿಯನ್ನೇ ದುಪ್ಪಟ್ಟು ಮಾಡಿ 25ರ ಆಸುಪಾಸಿನ ಸಂಖ್ಯೆ ತೋರಿಸುತ್ತವೆ. ಅಂಥ ಮೀಟರು ಈ ಪರೀಕ್ಷೆಗೆ ಬಾರದು.

ಹಂತ 4: ಬಲ್ಬ್ ಮತ್ತು ಕಪ್ಲರ್

ಒಂದೇ ಬದಿಯ ದೋಷವಾದರೆ ಎಡದ ಬಲ್ಬನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಮಿಣುಕು ಬಲ್ಬಿನ ಜೊತೆ ಹೋದರೆ ಬಲ್ಬೇ ಕೆಟ್ಟಿದೆ. ಅಲ್ಲೇ ಉಳಿದರೆ ವೈರಿಂಗ್. ಐದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ಹ್ಯಾಲೊಜೆನ್ ಬಲ್ಬ್ ಉರಿದು ತಣ್ಣಗಾಗುವವರೆಗೆ ಕಾಯಿರಿ, ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಸಾಯುತ್ತದೆ. ಬಲ್ಬನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಟ್ಟಿ ನೋಡಿ. ತುಂಡಾದ ತಂತು ಅಲುಗಾಡಿ ಒಮ್ಮೊಮ್ಮೆ ಕೂಡಿಕೊಳ್ಳುತ್ತಿದ್ದರೆ ಕಣ್ಣಿಗೇ ಕಾಣುತ್ತದೆ.

ಬಲ್ಬ್ ತೆಗೆದಾಗ ಕಪ್ಲರನ್ನು ತಿರುಗಿಸಿ ಹತ್ತಿರದಿಂದ ನೋಡಿ. ಆರೋಗ್ಯವಾಗಿರುವ ಪಿನ್ ಹೊಳೆಯುತ್ತದೆ. ತೊಂದರೆಯಿರುವ ಪಿನ್ ಕಂದು ಅಥವಾ ನೀಲಿಗೆ ತಿರುಗಿರುತ್ತದೆ, ಅದರ ಸುತ್ತಲಿನ ಪ್ಲಾಸ್ಟಿಕ್ ಉಬ್ಬಿ ಹಳದಿಯಾಗಿರುತ್ತದೆ, ಹಿಂದಿನ ವೈರಿನ ಹೊದಿಕೆ ಬಿರುಸಾಗಿ ಮುರಿಯುವಂತಿರುತ್ತದೆ. ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವಿಲ್ಲ. 55 ವ್ಯಾಟ್‌ನ ಬಲ್ಬ್ 4.5 ಆಂಪಿಯರ್‌ಗೂ ಹೆಚ್ಚು ವಿದ್ಯುತ್ ಎಳೆಯುತ್ತದೆ. ಸಡಿಲವಾದ ಪಿನ್ನಿನಲ್ಲಿ ಒಂದು ವೋಲ್ಟ್ ಕಳೆದುಹೋದರೆ ನಾಲ್ಕೂವರೆ ವ್ಯಾಟ್ ಶಾಖ ಆ ಪುಟ್ಟ ಲೋಹದ ತುಣುಕಿನಲ್ಲೇ ಹುಟ್ಟುತ್ತದೆ. ಕಾದಂತೆ ಪಿನ್ನಿನ ಹಿಡಿತ ಸಡಿಲವಾಗುತ್ತದೆ, ಸಡಿಲವಾದಂತೆ ಇನ್ನಷ್ಟು ಕಾಯುತ್ತದೆ.

ಇಂಥ ಕಪ್ಲರನ್ನು ಇಕ್ಕಳದಿಂದ ಅಮುಕಿ ಬಿಗಿ ಮಾಡುವುದು ಕೆಲವು ದಿನಗಳ ಸಮಾಧಾನ ಅಷ್ಟೇ. ಶಾಖಕ್ಕೆ ಸಿಕ್ಕ ಲೋಹ ತನ್ನ ಸ್ಪ್ರಿಂಗ್ ಗುಣವನ್ನೇ ಕಳೆದುಕೊಂಡಿರುತ್ತದೆ. ಕಪ್ಲರ್ ಬದಲಿಸಿ, ಸೆರಾಮಿಕ್ ಹೋಲ್ಡರ್ ಸಿಕ್ಕರೆ ಒಳ್ಳೆಯದು. ಬಿರುಸಾದ ವೈರನ್ನು ಮೃದುವಾಗಿರುವ ಕಡೆಯವರೆಗೂ ಕತ್ತರಿಸಿ ಹೊಸ ವೈರ್ ಜೋಡಿಸಿ. ಜೋಡಣೆಯನ್ನು ಕ್ರಿಂಪ್ ಮಾಡಿ ಹೀಟ್‌ಶ್ರಿಂಕ್ ತೋಳು ತೊಡಿಸಿ. ಬರಿ ತಿರುಚಿ ಟೇಪ್ ಸುತ್ತಿದ ಜೋಡಣೆಯೇ ಮುಂದಿನ ಮಿಣುಕಿಗೆ ತವರು.

ಹಂತ 5: ಅರ್ಥಿಂಗ್

ಬಲ್ಬಿಗೆ ಬಂದ ವಿದ್ಯುತ್ ಬಾಡಿಯ ಮೂಲಕ ಬ್ಯಾಟರಿಗೆ ಮರಳಬೇಕು. ಆ ಮರಳುವ ದಾರಿಯನ್ನು ಯಾರೂ ವಿಚಾರಿಸುವುದಿಲ್ಲ, ಆದ್ದರಿಂದ ಅದೇ ಮೊದಲು ಕೆಡುತ್ತದೆ. ಹೆಡ್‌ಲೈಟಿನ ಅರ್ಥಿಂಗ್ ಬೋಲ್ಟ್ ಸಾಮಾನ್ಯವಾಗಿ ದೀಪದ ಹಿಂದೆಯೇ, ನೀರು ಕೆಸರು ಸಿಡಿಯುವ ಕಡೆ ಇರುತ್ತದೆ. ಬಣ್ಣ ಹಚ್ಚಿಸಿದ ಅಥವಾ ಮುಂಭಾಗ ರಿಪೇರಿಯಾದ ಕಾರಿನಲ್ಲಿ ಬೋಲ್ಟಿನ ಅಡಿಗೆ ಬಣ್ಣವೇ ಕೂತಿರುತ್ತದೆ.

ಲಕ್ಷಣಗಳು ವಿಚಿತ್ರ. ಹೈ ಬೀಮ್ ಹಾಕಿದರೆ ಅದೇ ಬದಿಯ ಪಾರ್ಕಿಂಗ್ ದೀಪ ಮಂಕಾಗುತ್ತದೆ. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಅದರ ತಾಳಕ್ಕೆ ಕುಣಿಯುತ್ತದೆ. ತನ್ನ ದಾರಿ ಮುಚ್ಚಿದ ವಿದ್ಯುತ್ ಪಕ್ಕದ ದೀಪದ ದಾರಿ ಹಿಡಿದು ಮರಳುತ್ತಿರುತ್ತದೆ. ಲೋ, ಹೈ ಎರಡೂ ಬೀಮಿನ ತಂತು ಒಂದರಲ್ಲೇ ಇರುವ ಎಚ್4 ಬಲ್ಬಿನಲ್ಲಿ ಇನ್ನೊಂದು ಸುಳಿವಿದೆ: ಲೋ ಬೀಮ್, ಹೈ ಬೀಮ್ ಎರಡೂ ಮಿಣುಕಿದರೆ ಎರಡಕ್ಕೂ ಸಾಮಾನ್ಯವಾದ ವೈರಿನಲ್ಲೇ ದೋಷ, ಒಂದು ಮಾತ್ರ ಮಿಣುಕಿದರೆ ಆ ತಂತು ಅಥವಾ ಅದರದೇ ವೈರ್. ಹೆಚ್ಚಿನ ಕಾರುಗಳಲ್ಲಿ ಆ ಸಾಮಾನ್ಯ ವೈರ್ ಅರ್ಥಿಂಗ್. ಕೆಲವು ಜಪಾನಿ ಕಾರುಗಳಲ್ಲಿ ಮಾತ್ರ ಅದು ಪಾಸಿಟಿವ್, ಸ್ವಿಚ್ ನೆಗೆಟಿವ್ ಕಡೆ ಇರುತ್ತದೆ. ಮೀಟರಿನಿಂದ ಖಚಿತ ಮಾಡಿಕೊಂಡೇ ಮುಂದುವರಿಯಿರಿ.

ಪರೀಕ್ಷೆ: ಕ್ಲಿಪ್ ವೈರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ, ಇನ್ನೊಂದನ್ನು ಹೆಡ್‌ಲೈಟಿನ ಅರ್ಥಿಂಗ್ ವೈರಿಗೆ ಹಿಡಿಯಿರಿ. ಮಿಣುಕು ನಿಂತು ಬೆಳಕು ಗಟ್ಟಿಯಾದರೆ ಇನ್ನೇನೂ ಹುಡುಕಬೇಕಿಲ್ಲ. ಬೋಲ್ಟ್ ಬಿಚ್ಚಿ, ರಿಂಗ್ ಟರ್ಮಿನಲ್ ಮತ್ತು ಬಾಡಿಯ ಲೋಹವನ್ನು ಬೆಳ್ಳಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಅಥವಾ ಬಣ್ಣದಿಂದ ಮುಚ್ಚಿ.

ಹಂತ 6: ಫ್ಯೂಸ್, ರಿಲೇ, ಸ್ವಿಚ್

ಫ್ಯೂಸ್ ಸುಟ್ಟರೆ ದೀಪ ಆರುತ್ತದೆ, ಮಿಣುಕುವುದಿಲ್ಲ. ಆದರೆ ಫ್ಯೂಸಿನ ಕಾಲು ಸಡಿಲವಾಗಿದ್ದರೆ ಮಿಣುಕುತ್ತದೆ. ಕೀಳಿ ನೋಡಿ, ಕಾಲು ಕಪ್ಪಾಗಿದ್ದರೆ ಅದು ಕೂರುವ ಜಾಗವೂ ಕಾದಿದೆ. ದೊಡ್ಡ ಫ್ಯೂಸ್ ಹಾಕುವುದು ಪರಿಹಾರವಲ್ಲ, ವೈರಿಗೆ ಬೆಂಕಿ ಹತ್ತುವ ದಾರಿ.

ರಿಲೇ ಪರೀಕ್ಷಿಸಲು ಅದೇ ಸಂಖ್ಯೆಯ ಇನ್ನೊಂದು ರಿಲೇ, ಉದಾಹರಣೆಗೆ ಹಾರ್ನ್‌ನದು, ಅದಲುಬದಲು ಮಾಡಿ. ದೀಪ ಮಿಣುಕುವಾಗ ರಿಲೇ ಮೇಲೆ ಬೆರಳಿಡಿ. ಟಕಟಕ ಎನ್ನುತ್ತಿದ್ದರೆ ರಿಲೇಯ ಕಾಯಿಲ್‌ಗೇ ವಿದ್ಯುತ್ ಬಿಟ್ಟು ಬಿಟ್ಟು ಬರುತ್ತಿದೆ, ಸ್ವಿಚ್ ಕಡೆ ಹೋಗಬೇಕು. ಸದ್ದಿಲ್ಲದೆ ಮಿಣುಕಿದರೆ ರಿಲೇಯ ಒಳಗಿನ ಸಂಪರ್ಕ ಅಥವಾ ಅದರ ಮುಂದಿನ ವೈರ್.

ರಿಲೇ ಇಲ್ಲದ ಹಳೆಯ ಕಾರುಗಳಲ್ಲಿ ಇಡೀ ವಿದ್ಯುತ್ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನೊಳಗಿಂದಲೇ ಹರಿಯುತ್ತದೆ. ಸ್ವಿಚ್ಚನ್ನು ಸ್ವಲ್ಪ ಎತ್ತಿ ಇಳಿಸಿದಾಗ ದೀಪ ಆಡಿದರೆ ಒಳಗಿನ ಸಂಪರ್ಕ ಸುಟ್ಟಿದೆ. ಸ್ವಿಚ್ ಬದಲಿಸುವಾಗಲೇ ರಿಲೇ ಇರುವ ಹಾರ್ನೆಸ್ (ವೈರುಗಳ ಕಟ್ಟು) ಹಾಕಿಸುವುದು ನನ್ನ ಮಟ್ಟಿಗೆ ಜಾಣತನ. ಬ್ಯಾಟರಿಯಿಂದ ದೀಪಕ್ಕೆ ನೇರ ವಿದ್ಯುತ್ ಸಿಗುತ್ತದೆ, ಸ್ವಿಚ್ ಬರಿ ಆಜ್ಞೆ ಕೊಡುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಅದಕ್ಕೊಂದು ಫ್ಯೂಸ್ ಕಡ್ಡಾಯವಾಗಿ ಇರಲಿ.

ಸ್ಟೀರಿಂಗ್ ಕಾಲಮ್ಮಿನಲ್ಲಿ ಏರ್‌ಬ್ಯಾಗ್ ಇದ್ದರೆ ಆ ಬಿಚ್ಚಾಟ ಬಲ್ಲವರಿಗೇ ಬಿಡಿ.

ಹಂತ 7: ವೋಲ್ಟೇಜ್ ಎಲ್ಲಿ ಕಳೆಯುತ್ತಿದೆ?

ಮೇಲಿನ ಯಾವುದರಲ್ಲೂ ಸಿಗದಿದ್ದರೆ ಇದು ಕೊನೆಯ ಅಸ್ತ್ರ. ನಿಜ ಹೇಳಬೇಕೆಂದರೆ ಮೀಟರ್ ಹಿಡಿಯಲು ಅಂಜದವರು ಇದನ್ನೇ ಮೊದಲು ಮಾಡಬಹುದು.

ಬಲ್ಬ್ ಜೋಡಿಸಿಯೇ ಇರಲಿ, ದೀಪ ಉರಿಯುತ್ತಿರಲಿ. ವಿದ್ಯುತ್ ಹರಿಯದಿದ್ದರೆ ಕೊಳೆತ ವೈರ್ ಕೂಡ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಮೀಟರನ್ನು ಡಿಸಿ ವೋಲ್ಟಿಗಿಡಿ. ಒಂದು ಮೊನೆ ಬ್ಯಾಟರಿಯ ಪಾಸಿಟಿವ್ ಪೋಸ್ಟಿನ ಮೇಲೆ, ಇನ್ನೊಂದು ಕಪ್ಲರಿನ ಹಿಂಬದಿಯಿಂದ ಪಾಸಿಟಿವ್ ಪಿನ್ನಿಗೆ. ವೈರಿನ ಹೊದಿಕೆಯನ್ನು ಚುಚ್ಚಬೇಡಿ, ಆ ತೂತಿನಿಂದಲೇ ನೀರು ಇಳಿಯುತ್ತದೆ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅರ್ಧ ವೋಲ್ಟಿನೊಳಗಿದ್ದರೆ ಸರಿ. ನೆಗೆಟಿವ್ ಪೋಸ್ಟಿನಿಂದ ಬಲ್ಬಿನ ಅರ್ಥಿಂಗ್ ಪಿನ್ನಿಗೂ ಹಾಗೆಯೇ ಅಳೆಯಿರಿ, ಅಲ್ಲಿ 0.2ಕ್ಕಿಂತ ಹೆಚ್ಚಿರಬಾರದು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ 30ರಷ್ಟು ಕುಸಿಯುತ್ತದೆ, ಆದ್ದರಿಂದ ಈ ಸಣ್ಣ ಅಂಕಿಗಳನ್ನು ಹಗುರವಾಗಿ ಕಾಣಬೇಡಿ.

ಹೆಚ್ಚು ಕಂಡರೆ ದಾರಿಯುದ್ದಕ್ಕೂ ಹಿಂದೆ ಸರಿಯಿರಿ: ರಿಲೇಯ 87ನೇ ಪಿನ್ (ದೀಪದ ಕಡೆಯದು), 30ನೇ ಪಿನ್ (ಬ್ಯಾಟರಿ ಕಡೆಯದು), ಫ್ಯೂಸಿನ ಆಚೆ ಕಾಲು, ಈಚೆ ಕಾಲು. ಯಾವ ಎರಡು ಬಿಂದುಗಳ ನಡುವೆ ಅಂಕಿ ಧುತ್ತನೆ ಇಳಿಯುತ್ತದೋ ದೋಷ ಅಲ್ಲಿದೆ. ಅಳೆಯುತ್ತಲೇ ಹಾರ್ನೆಸ್ಸನ್ನು ಅಲುಗಾಡಿಸಿ ನೋಡಿ. ಇಲಿ ಕಡಿದ ವೈರ್, ಲೋಹದ ಅಂಚಿಗೆ ಉಜ್ಜಿ ಸವೆದ ವೈರ್ ಈ ಅಲುಗಾಟಕ್ಕೆ ಸಿಕ್ಕಿಬೀಳುತ್ತವೆ. ವೇಗದ ಮಿಣುಕನ್ನು ಡಿಜಿಟಲ್ ಮೀಟರ್ ಹಿಡಿಯಲಾರದು. ಅಲ್ಲಿ ಟೆಸ್ಟ್ ಲ್ಯಾಂಪೇ ವಾಸಿ.

ಎಲ್‌ಇಡಿ ಹಾಕಿಸಿಕೊಂಡ ಮೇಲೆ ಶುರುವಾದ ಮಿಣುಕು

ಹ್ಯಾಲೊಜೆನ್ ಜಾಗಕ್ಕೆ ಎಲ್‌ಇಡಿ ಹಾಕಿದ್ದರೆ ಮೊದಲು ಹಳೆಯ ಬಲ್ಬನ್ನೇ ಮತ್ತೆ ಹಾಕಿ ನೋಡಿ. ಮಿಣುಕು ಹೋದರೆ ಕಾರಿನಲ್ಲಿ ದೋಷವಿಲ್ಲ. ಅನೇಕ ಕಾರುಗಳ ಕಂಪ್ಯೂಟರ್ ದೀಪಕ್ಕೆ ವಿದ್ಯುತ್ತನ್ನು ಮಿಡಿತಗಳಾಗಿ ಕೊಡುತ್ತದೆ, ಬಲ್ಬ್ ಸುಟ್ಟಿದೆಯೇ ಎಂದು ತಿಳಿಯಲು ಸಣ್ಣ ಮಿಡಿತಗಳನ್ನೂ ಕಳುಹಿಸುತ್ತದೆ. ಕಾದ ತಂತು ಆ ಬಿಡುವಿನಲ್ಲಿ ತಣ್ಣಗಾಗುವಷ್ಟು ಸಮಯವೇ ಇರುವುದಿಲ್ಲ. ಎಲ್‌ಇಡಿ ಮಾತ್ರ ಪ್ರತಿ ಬಿಡುವಿಗೂ ಆರುತ್ತದೆ. ಕಡಿಮೆ ವಿದ್ಯುತ್ ಎಳೆಯುವುದರಿಂದ ಬಲ್ಬ್ ಸುಟ್ಟಿದೆ ಎಂದು ಕಾರು ತಿಳಿದು ಪೂರೈಕೆಯನ್ನೇ ನಿಲ್ಲಿಸುವುದೂ ಉಂಟು.

ಮಿಡಿತಗಳ ನಡುವಿನ ಬಿಡುವನ್ನು ತುಂಬುವ ಕೆಪಾಸಿಟರ್ ಇರುವ ಅಡಾಪ್ಟರ್, ಅಂದರೆ ಕ್ಯಾನ್‌ಬಸ್ ಡಿಕೋಡರ್ ಹಾಕಿದರೆ ಬಹುತೇಕ ಸರಿಹೋಗುತ್ತದೆ. ಹಳೆಯ ಬಲ್ಬಿನಷ್ಟೇ ವಿದ್ಯುತ್ ಎಳೆಯುವಂತೆ ಮಾಡಲು ಲೋಡ್ ರೆಸಿಸ್ಟರ್ ಹಾಕುವವರೂ ಇದ್ದಾರೆ. ಅದು ಕೈ ಸುಡುವಷ್ಟು ಕಾಯುತ್ತದೆ. ಹಾಕಲೇಬೇಕಾದರೆ ಲೋಹಕ್ಕೆ ಬಿಗಿಯಿರಿ, ಪ್ಲಾಸ್ಟಿಕ್ಕಿಗೂ ವೈರಿಗೂ ತಾಗದಿರಲಿ. ಕಾಲು ಗಂಟೆ ಚೆನ್ನಾಗಿ ಉರಿದು ಆಮೇಲೆ ಮಿಣುಕುವ ಎಲ್‌ಇಡಿಯ ಫ್ಯಾನ್ ನಿಂತಿರಬಹುದು. ಹ್ಯಾಲೊಜೆನ್ನಿಗಾಗಿ ಮಾಡಿದ ದೀಪದೊಳಗೆ ಎಲ್‌ಇಡಿ ಬಲ್ಬ್ ಹಾಕುವುದು ಹಲವು ದೇಶಗಳ ನಿಯಮಗಳಿಗೆ ಒಪ್ಪಿಗೆಯಿಲ್ಲ. ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುವುದೂ ಸುಳ್ಳಲ್ಲ. ಮಿಣುಕಿನ ನೆಪದಲ್ಲಾದರೂ ಹಳೆಯ ಬಲ್ಬಿಗೆ ಮರಳಿದರೆ ನಷ್ಟವೇನಿಲ್ಲ.

ಕ್ಸೆನಾನ್ ದೀಪವಾದರೆ

ಬೆಳಕು ನಸುಗೆಂಪು ಅಥವಾ ನೇರಳೆಗೆ ತಿರುಗಿ, ಆಗಾಗ ಆರಿ ಮತ್ತೆ ಹಾಕಿದರೆ ಹೊತ್ತುತ್ತಿದ್ದರೆ ಬಲ್ಬಿನ ಆಯಸ್ಸು ಮುಗಿದಿದೆ. ಹೊಸ ಬಲ್ಬಿಗೂ ಹಾಗೆಯೇ ಆದರೆ ಬ್ಯಾಲಸ್ಟ್ (ಬಲ್ಬಿಗೆ ಬೇಕಾದ ವೋಲ್ಟೇಜ್ ಒದಗಿಸುವ ಪೆಟ್ಟಿಗೆ) ಅಥವಾ ಅದರ ಕನೆಕ್ಟರಿಗೆ ನೀರು ಹೊಕ್ಕಿರಬಹುದು. ಹೊತ್ತಿಸುವ ಕ್ಷಣದಲ್ಲಿ ಇಲ್ಲಿ 20,000 ವೋಲ್ಟಿನಷ್ಟು ಹರಿಯುತ್ತದೆ. ದೀಪ ಆನ್ ಇರುವಾಗ ಮೀಟರ್ ಹಿಡಿದು ಹೋಗುವ ಜಾಗವಲ್ಲ ಇದು. ಕಾರ್ಖಾನೆಯಲ್ಲೇ ಅಳವಡಿಸಿದ ಎಲ್‌ಇಡಿ ಹೆಡ್‌ಲೈಟೂ ಅಷ್ಟೇ, ಒಳಗಿನ ಡ್ರೈವರ್ ಮಾಡ್ಯೂಲ್ ಕೆಟ್ಟರೆ ಮನೆಯಲ್ಲಿ ಮಾಡುವಂಥದ್ದು ಹೆಚ್ಚೇನಿಲ್ಲ.

ಎಲೆಕ್ಟ್ರಿಷಿಯನ್ ಬಳಿ ಒಯ್ಯುವಾಗ

"ಲೈಟ್ ಮಿಣುಕುತ್ತದೆ" ಎಂದಷ್ಟೇ ಹೇಳಿದರೆ ಅವರೂ ಬಲ್ಬಿನಿಂದಲೇ ಶುರು ಮಾಡುತ್ತಾರೆ. ಯಾವ ಬದಿ, ಯಾವ ಬೀಮ್, ಎಂಜಿನ್ ವೇಗಕ್ಕೆ ಸಂಬಂಧವಿದೆಯೇ, ನೀವು ಅಳೆದ ವೋಲ್ಟೇಜ್ ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಿಣುಕಿನ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು, ಗ್ಯಾರೇಜಿಗೆ ಹೋದೊಡನೆ ದೋಷ ಮಾಯವಾಗುವುದು ಎಲ್ಲ ಕಾರುಗಳ ಹುಟ್ಟುಗುಣ. ಹಿಂದೆ ಹೇಳಿದಂತೆ ಎಲ್‌ಇಡಿಯಾದರೆ ಆ ವಿಡಿಯೊವನ್ನು ನಂಬಬೇಡಿ.

ದುರಸ್ತಿ ಯಾರೇ ಮಾಡಿರಲಿ, ಆಮೇಲೆ ಎರಡು ತಪಾಸಣೆ ಬಾಕಿ ಇರುತ್ತವೆ. ಬಲ್ಬ್ ಬಿಚ್ಚಿ ಹಾಕಿದ್ದರೆ ಗೋಡೆಯ ಮೇಲೆ ಎರಡೂ ಬೆಳಕಿನ ಎತ್ತರ ಸಮವಾಗಿದೆಯೇ ನೋಡಿ; ಕ್ಲಿಪ್ಪಿನಲ್ಲಿ ಓರೆಯಾಗಿ ಕೂತ ಬಲ್ಬ್ ಬೆಳಕನ್ನು ಆಕಾಶಕ್ಕೆ ಎಸೆಯುತ್ತದೆ. ಇನ್ನೊಂದು, ಅರ್ಧ ಗಂಟೆ ದೀಪ ಉರಿಸಿ, ಆರಿಸಿ, ಎಡ ಬಲ ಕಪ್ಲರ್‌ಗಳ ವೈರನ್ನು ಮುಟ್ಟಿ ಹೋಲಿಸಿ. ದುರಸ್ತಿಯಾದ ಬದಿ ಇನ್ನೊಂದಕ್ಕಿಂತ ಗಮನಾರ್ಹವಾಗಿ ಬಿಸಿಯಾಗಿದ್ದರೆ ಸಂಪರ್ಕ ಇನ್ನೂ ಪೂರ್ತಿ ಕೂಡಿಲ್ಲ, 4ನೇ ಹಂತಕ್ಕೆ ಮರಳಿ.